ಬಾಗಿಲು ದಾಟದ ಮೇಜು

ಕಳೆದ ತಿಂಗಳು ಅಬ್ಬುವಿನ ಮೊಮ್ಮಗ ಹೊಸ ಮನೆಯ ಒಕ್ಕಲಿಗೆ ಕರೆಯುವ ಹೇಳಿಕೆ ಕಾಗದ ಹಿಡಿದುಕೊಂಡು ಬೆಳ್ತಂಗಡಿಯ ನನ್ನ ಮನೆಗೆ ಬಂದಿದ್ದ. ಅಬ್ಬು ಎಂದರೆ ಶಾಲೆಯಲ್ಲಿ ನನಗಿಂತ ಒಂದು ತರಗತಿ ಕೆಳಗಿದ್ದವನು, ಈಗ ನನ್ನ ಹಾಗೆಯೇ ಕೋಲು ಹಿಡಿದು ನಡೆಯುವವನು. ಹುಡುಗ ಕಾಗದ ಕೊಟ್ಟು, "ಇದು ಅಜ್ಜ ನಿಮಗೆ ಅಂತ ಕಳಿಸಿದ್ದು" ಎಂದು ಒಂದು ಪೊಟ್ಟಣವನ್ನೂ ಕೈಗಿಟ್ಟ. ಬಿಚ್ಚಿದೆ. ಮರಕ್ಕೆ ಕೀಸುಳಿ ಹಾಕುವಾಗ ಅದರ ಬಾಯಿಂದ ಸುರುಳಿ ಸುರುಳಿಯಾಗಿ ಏಳುತ್ತದಲ್ಲ, ಅಂಥದೊಂದು ಸುರುಳಿ ಅದರಲ್ಲಿತ್ತು. ಹೊರಮೈ ಹಳೆಯ ಬೆಲ್ಲದ ಬಣ್ಣ, ಒಳಮೈ ಹಸಿ ಅರಿಶಿನ. ಮೂಗಿಗೆ ಹಿಡಿದರೆ ಹಲಸು. ಹಣ್ಣಿನ ವಾಸನೆಯಲ್ಲ, ಮರದ್ದು. ಸ್ವಲ್ಪ ಸಿಹಿ, ಸ್ವಲ್ಪ ಒಗರು, ಬಿಸಿಲಿಗೆ ಕಾದ ಧೂಳಿನಂತೆ ನೇರ ಗಂಟಲಿಗೆ ಇಳಿಯುವಂಥದ್ದು. ಯಾವ ಮರ, ಎಲ್ಲಿಯ ಮರ ಎಂದು ಹುಡುಗನನ್ನು ಕೇಳುವ ಅಗತ್ಯವೇ ಬೀಳಲಿಲ್ಲ. ಅದು ನಮ್ಮ ಕಣಜದ ಮೇಜು. ವಯಸ್ಸಾದ ಮೇಲೆ ಒಂದೊಂದಾಗಿ ಎಲ್ಲವೂ ಕೈಕೊಡುತ್ತದೆ ಎನ್ನುತ್ತಾರೆ. ನನ್ನ ಕಣ್ಣು ಕೈಕೊಟ್ಟಿದೆ, ಮೊಣಕಾಲು ಎಂದೋ ಕೈಕೊಟ್ಟಿದೆ. ಮೂಗು ಮಾತ್ರ ಇನ್ನೂ ನನ್ನ ಮಾತು ಕೇಳುತ್ತದೆ. ಆ ಸುರುಳಿಯನ್ನು ಹಿಡಿದುಕೊಂಡು, ಬಂದ ಹುಡುಗನಿಗೆ ಒಂದು ಲೋಟ ಚಹಾ ಕೊಡುವುದನ್ನೂ ಮರೆತು ಕೂತುಬಿಟ್ಟೆ.

ನಮ್ಮ ಮನೆ ಇದ್ದದ್ದು ಸಿದ್ಧಕಟ್ಟೆಯಿಂದ ಒಳಗೆ, ಮೂಡಬಿದಿರೆಯ ದಾರಿ ಬಿಟ್ಟು ಗದ್ದೆಯ ಬದು, ನಮ್ಮ ಮಾತಿನ ಹುಣಿ, ಅದರ ಮೇಲೆ ನಡೆದು ಹೋಗಬೇಕಾದ ಕಡೆ. ಇದ್ದದ್ದು ಎಂದೇ ಬರೆಯಬೇಕು, ಈಗ ಅಲ್ಲಿ ಆ ಮನೆಯ ಒಂದು ಹಂಚೂ ಇಲ್ಲ. ನಮ್ಮದು ಹೆಣ್ಣಿನ ಕಡೆಯಿಂದ ಇಳಿದು ಬರುವ ಕುಟುಂಬ. ಮನೆಗೆ ಹಿರಿಯಳು ನನ್ನ ಅಜ್ಜಿ, ಅಮ್ಮನ ಅಮ್ಮ. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ಕನ್ನಡವೂ ಅಷ್ಟಕ್ಕಷ್ಟೆ. ಅವಳ ಬೈಗುಳ, ಪ್ರೀತಿ, ಲೆಕ್ಕಾಚಾರ ಎಲ್ಲವೂ ತುಳುವಿನಲ್ಲಿ ನಡೆಯುತ್ತಿತ್ತು. ಇಲ್ಲಿ ಅವಳ ಮಾತನ್ನು ಕನ್ನಡಕ್ಕೆ ಇಳಿಸುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ, ಓದುವವರು ಸೇರಿಸಿಕೊಳ್ಳಬೇಕು. ಅಂಗಳದ ಆಚೆ ಬದಿಗೆ ಮುರಕಲ್ಲಿನ ದಪ್ಪ ಗೋಡೆಯ ಕಣಜದ ಮನೆ ಬೇರೆಯೇ ಇತ್ತು. ಕಳ್ಳರೂ ಹೆಗ್ಗಣಗಳೂ ಸುಲಭಕ್ಕೆ ನುಗ್ಗಬಾರದೆಂದು ಅದಕ್ಕೆ ಒಂದೇ ಬಾಗಿಲು. ಅದೂ ಒಬ್ಬ ಮನುಷ್ಯ ಭತ್ತದ ಗೋಣಿ ಹೊತ್ತು, ತಲೆ ತಗ್ಗಿಸಿ, ಮೈ ಓರೆ ಮಾಡಿ ಹೊಗುವಷ್ಟು. ಆದರೆ ಬಾಗಿಲಿನ ದಾರಂದ ಮಾತ್ರ ಆನೆ ಕಟ್ಟುವ ಕಂಬದಷ್ಟು ದಪ್ಪ, ಅದರ ಮೇಲೆಲ್ಲ ಬಳ್ಳಿ ಕೆತ್ತನೆ. ನಾನು ಹುಟ್ಟುವ ಹೊತ್ತಿಗೆ ಕುಟುಂಬದ ಪಾಲುಪಟ್ಟಿಯಾಗಿ ಗದ್ದೆಗಳು ಹಂಚಿಹೋಗಿದ್ದವು. ಕಣಜಕ್ಕೆ ಬರುವ ಭತ್ತ ಒಂದು ಮೂಲೆಗೂ ಸಾಲುತ್ತಿರಲಿಲ್ಲ. ಅಜ್ಜಿ ಆ ಬಾಗಿಲು ತೆರೆಯುವುದನ್ನೇ ಬಿಟ್ಟಿದ್ದಳು.

ಆಗ ಗುಡ್ಡದ ಮೇಲೆ ಹೊಸದಾಗಿ ಹೈಸ್ಕೂಲು ಶುರುವಾಗಿತ್ತು. ಓದಿನ ಜೊತೆಗೆ ಮಕ್ಕಳಿಗೆ ಒಂದು ಕಸುಬನ್ನೂ ಕಲಿಸಬೇಕೆಂಬುದು ಅದರ ಕ್ರಮ. ಎಲ್ಲ ತರಗತಿಗಳ ಹುಡುಗರಿಗೆ ಒಟ್ಟಿಗೆ ಮರಗೆಲಸ, ಹುಡುಗಿಯರಿಗೆ ಹೊಲಿಗೆ. ಇದನ್ನು ಕೇಳಿ ಊರೆಲ್ಲ ಮೂಗು ಮುರಿಯಿತು. ಊರಿನ ಜಮೀನ್ದಾರರಾದ ಗುತ್ತಿನ ಮನೆಯವರು, ನಮ್ಮ ಹುಡುಗರು ಉಳಿ ಹಿಡಿಯಲಿಕ್ಕೆ ಹುಟ್ಟಿದ್ದಾ ಎಂದರು. ಆಚಾರಿಗಳು, ಅಪ್ಪ ಮನೆಯಲ್ಲಿ ಕಲಿಸುವುದನ್ನು ಕಲಿಯಲಿಕ್ಕೆ ಗುಡ್ಡ ಯಾಕೆ ಹತ್ತಬೇಕು ಎಂದರು. ಒಟ್ಟಿನಲ್ಲಿ ಯಾರಿಗೂ ಬೇಡವಾದ ಶಾಲೆ. ಗುಡ್ಡದ ಮೇಲಿನ ಕಟ್ಟಡದಲ್ಲಿ ಮರ ಕೊಯ್ಯಲು ಜಾಗವಿಲ್ಲ, ಹೊಸ ಕೋಣೆ ಕಟ್ಟುವವರೆಗೆ ಎಲ್ಲಾದರೂ ಸ್ಥಳ ಬೇಕು ಎಂದು ಹೆಡ್‌ಮಾಸ್ಟ್ರು ಮನೆ ಮನೆ ತಿರುಗಿ ನಮ್ಮ ಅಂಗಳಕ್ಕೂ ಬಂದರು. ಅಜ್ಜಿ ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. ಸೊಂಟದ ಬೀಗದ ಕೈ ಬಿಚ್ಚಿ ಕೊಟ್ಟಳು. "ಖಾಲಿ ಕಣಜ ನೋಡ್ಲಿಕ್ಕೆ ನನ್ನಿಂದ ಆಗುವುದಿಲ್ಲ. ಭತ್ತ ಇಲ್ಲದಿದ್ರೆ ಮಕ್ಕಳಾದ್ರೂ ತುಂಬ್ಲಿ" ಎಂದಳು. ಊರು ಬೇಡ ಎಂದ ಮೇಲೆ ತನಗೆ ಅದು ಬೇಕೇ ಬೇಕು ಎನ್ನುವ ಸ್ವಭಾವ ಅವಳದ್ದು. ಆ ಸ್ವಭಾವದಲ್ಲಿ ಒಂದು ಪಾಲು ನನಗೂ ಬಂದಿದೆ, ಅದಕ್ಕೆ ಪಾಲುಪಟ್ಟಿ ಬೇಕಾಗಲಿಲ್ಲ.

ಮರಗೆಲಸ ಕಲಿಸಲು ಬಂದವರು ಪಾಸ್ಕಲ್ ಮಾಸ್ಟ್ರು. ಮಂಗಳೂರಿನ ಯಾವುದೋ ಕಾರ್ಖಾನೆಯಲ್ಲಿ ಕೆಲಸ ಕಲಿತವರು, ಮನೆಯಲ್ಲಿ ಕೊಂಕಣಿ, ನಮ್ಮೊಡನೆ ಪುಸ್ತಕದ ಕನ್ನಡ, ಸಿಟ್ಟು ಬಂದರೆ ತುಳು. ಗಿಡ್ಡ ಆಳು, ಕಿವಿಯ ಮೇಲೆ ಸದಾ ಒಂದು ಪೆನ್ಸಿಲು. ಅವರಷ್ಟು ಜಂಬದ ಮನುಷ್ಯನನ್ನು ನಾನು ಆಮೇಲೆ ಕಂಡಿಲ್ಲ. ಆಣಿ ಕಂಡರೆ ಅವರಿಗೆ ಆಗದು. "ಆಣಿ ಹೊಡೆಯುವವನು ಮರದ ಹತ್ತಿರ ಕ್ಷಮೆ ಕೇಳ್ತಾ ಇದ್ದಾನೆ ಅಂತ ಅರ್ಥ" ಎನ್ನುತ್ತಿದ್ದರು. ತಾವು ಮಾಡಿದ ಕುರ್ಚಿಯನ್ನು ತಾವೇ ದೂರ ನಿಂತು ನೋಡಿ, "ಇದನ್ನು ಮಾಡಿದವ ಯಾರು, ಹೇಳಿ ನೋಡುವ" ಎಂದು ನಮ್ಮ ಬಾಯಿಂದಲೇ ತಮ್ಮ ಹೆಸರು ಹೇಳಿಸುತ್ತಿದ್ದರು. ತಪ್ಪಾಯಿತು ಎಂಬ ಮಾತು ಅವರ ಬಾಯಲ್ಲಿ ಬಂದದ್ದನ್ನು ಯಾರೂ ಕೇಳಿರಲಿಲ್ಲ. ಗೆರೆ ತಪ್ಪಿದರೆ ಪೆನ್ಸಿಲಿನದ್ದು ತಪ್ಪು, ಹಲಗೆ ಸೀಳಿದರೆ ಮಳೆಗಾಲದ್ದು ತಪ್ಪು.

ಆದರೆ ಅವರು ಒಂದು ಕ್ರಮ ತಂದರು, ಅದರಿಂದ ಊರಿನ ಬಾಯಿ ಮುಚ್ಚಿತು. ಶನಿವಾರ ಊರಿನವರು ಮನೆಯಲ್ಲಿ ಮುರಿದದ್ದು ಏನಿದ್ದರೂ ತಂದು ಕಣಜದ ಜಗಲಿಯಲ್ಲಿ ಇಡಬಹುದು, ಮಕ್ಕಳು ಅದನ್ನು ರಿಪೇರಿ ಮಾಡಿ ಕಲಿಯಬೇಕು. ಮೊದಲು ಬಂದದ್ದು ಯಾರಿಗೂ ಬೇಡದ ಒಂದು ಕಾಲು ಮುರಿದ ಮಣೆ. ಆಮೇಲೆ ನೇಗಿಲು ಬಂತು, ತೊಟ್ಟಿಲು ಬಂತು, ಕಾಯಿ ತುರಿಯುವ ಹೆರೆಮಣೆ, ಮೊಸರು ಕಡೆಯುವ ಕಡೆಗೋಲು, ಸೇಮಿಗೆ ಒತ್ತುವ ಮಣೆ, ಇಗರ್ಜಿಯ ಬೆಂಚು, ಸತ್ತವರನ್ನು ಹೊರುವ ಮಸೀದಿಯ ಮಂಚ. ನಮ್ಮನ್ನು ನೋಡಿ ಮೂಗು ಮುರಿದ ಗುತ್ತಿನ ಮನೆಯಿಂದಲೇ ಉಯ್ಯಾಲೆಯ ಹಲಗೆ ಬಂತು, ಅದೂ ಯಾರಿಗೂ ಕಾಣದಂತೆ ಹಿಂದಿನ ದಾರಿಯಿಂದ. ಅಂಗಳದ ಒಂದು ಬದಿಯಲ್ಲಿ ತೊಟ್ಟಿಲು, ಇನ್ನೊಂದು ಬದಿಯಲ್ಲಿ ಹೆಣ ಹೊರುವ ಮಂಚ ಇಟ್ಟುಕೊಂಡು ನಾವು ಕೆಲಸ ಮಾಡುತ್ತಿದ್ದೆವು. ಅಬ್ಬುವಿನ ಬಾಪ, ಎಂದರೆ ಅವನ ಅಪ್ಪ, ಹೊಳೆಯಲ್ಲಿ ಮರ ತೇಲಿಸಿಕೊಂಡು ಹೋಗುವ ಕೆಲಸದವರು. ಅವರು ದಾರಿಯಲ್ಲಿ ಸಿಕ್ಕಿದ ತುಂಡು ಮರಗಳನ್ನು ತಂದು ನಮ್ಮ ಅಂಗಳದಲ್ಲಿ ಹಾಕಿ ಹೋಗುತ್ತಿದ್ದರು.

ನಾವು ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ನಾನು ಹುಡುಗಿ, ನನಗೆ ಹೊಲಿಗೆ. ಎರಡು ದಿನ ಗುಡ್ಡದ ಮೇಲೆ ಸೂಜಿ ಹಿಡಿದು ಕೂತು, ಮೂರನೆಯ ದಿನ ನಾನು ಕಣಜದಲ್ಲಿ ಹುಡುಗರ ಸಾಲಿನಲ್ಲಿ ನಿಂತುಬಿಟ್ಟೆ. ಪಾಸ್ಕಲ್ ಮಾಸ್ಟ್ರು ಹೊರಗೆ ಹೋಗು ಎಂದರು. ನಾನು ಹೋಗಲಿಲ್ಲ. ಹೆಡ್‌ಮಾಸ್ಟ್ರಿಗೆ ದೂರು ಹೋಯಿತು, ಅವರು ಇಳಿದು ಬಂದರು. ಅಂಗಳದಲ್ಲಿ ಅಜ್ಜಿ ಹುರುಳಿ ಒಣಗಿಸುತ್ತಿದ್ದಳು. ತಲೆ ಎತ್ತದೆಯೇ ಹೇಳಿದಳು: "ಕಣಜ ನನ್ನದು, ಮೊಮ್ಮಗಳು ನನ್ನವಳು. ಅವಳ ಮನೆಯಿಂದ ಅವಳನ್ನು ಹೊರಗೆ ಹಾಕ್ಲಿಕ್ಕೆ ನೀವು ಯಾರು ಮಾರಾಯ್ರೆ?" ಹೆಡ್‌ಮಾಸ್ಟ್ರು ಬಂದ ದಾರಿಯಲ್ಲೇ ಮತ್ತೆ ಗುಡ್ಡ ಹತ್ತಿದರು. ಹಾಗೆ ನಾನು ಮರಗೆಲಸ ಕಲಿತೆ. ಹಲಸಿನ ಮರ ಕೊಯ್ದರೆ ಅದರ ಹುಡಿ ಕೈಗೆ ಹಿಡಿದು ಅಂಗೈ ಹಳದಿಯಾಗುತ್ತದೆ, ಎಷ್ಟು ಉಜ್ಜಿದರೂ ಬೇಗ ಹೋಗುವುದಿಲ್ಲ. ಊರಿನವರು ನಮ್ಮದನ್ನು ಅರಿಶಿನದ ಶಾಲೆ ಎಂದು ಹಾಸ್ಯ ಮಾಡುತ್ತಿದ್ದರು. ಒಂದು ಮದುವೆಯ ಚಪ್ಪರದಲ್ಲಿ ನನ್ನ ಚಿಕ್ಕಮ್ಮ, ಕೈಯನ್ನು ಸೆರಗಿನೊಳಗೆ ಇಟ್ಟುಕೋ, ನೋಡಿದವರು ಏನು ಹೇಳಿಯಾರು ಎಂದಾಗ ಅಜ್ಜಿ ನನ್ನ ಕೈಯನ್ನು ಎಳೆದು ಎಲೆಯ ಪಕ್ಕದಲ್ಲಿ ಎಲ್ಲರಿಗೂ ಕಾಣುವ ಹಾಗೆ ಇಟ್ಟಳು. ಆ ದಿನ ನನಗೆ ನಾಚಿಕೆಯೇ ಆಗಿತ್ತು. ಹೆಮ್ಮೆ ಆಮೇಲೆ ಬಂತು.

ಗುಡ್ಡದ ಮೇಲೆ ಮರಗೆಲಸಕ್ಕೆಂದು ಹೊಸ ಕೋಣೆ ಏಳತೊಡಗಿದಾಗ ಮಾಸ್ಟ್ರು, ಅದಕ್ಕೆ ತಕ್ಕ ಮೇಜನ್ನು ನಾವೇ ಮಾಡುವ ಎಂದರು. ಇಡೀ ತರಗತಿ ಎರಡೂ ಬದಿಗೆ ನಿಂತು ಕೆಲಸ ಮಾಡುವಂಥ ಮೇಜು. ಅಜ್ಜಿಯ ಅಂಗಳದಂಚಿನಲ್ಲಿ ಸಿಡಿಲು ಬಡಿದು ಒಣಗಿದ ಮುದಿ ಹಲಸಿನ ಮರವಿತ್ತು. ಅವಳ ತಾಯಿ ನೆಟ್ಟದ್ದು. ಅದನ್ನು ಕಡಿಸಿ ಕೊಯ್ಯಿಸಿದಾಗ ಸಿಕ್ಕಿದ ಒಂದೇ ಹಲಗೆ ಮಂಚದಷ್ಟು ಅಗಲವಿತ್ತು. ಅಬ್ಬುವಿನ ಬಾಪ ಆಳುಗಳ ಜೊತೆ ಅದನ್ನು ಅಡ್ಡಮೈ ಮಾಡಿ ನಿಲ್ಲಿಸಿ, ಕಣಜದ ಬಾಗಿಲಿನಿಂದ ಮೆಲ್ಲಗೆ ಒಳಗೆ ಸರಿಸಿದರು. ಇಡೀ ಮಳೆಗಾಲ ನಾವು ಆ ಮೇಜಿಗೆ ಅಂಟಿಕೊಂಡೆವು. ಕಾಲುಗಳನ್ನು ಕೂಡಿಸಲು ಮಾಸ್ಟ್ರು ತಮ್ಮ ಅತಿ ದೊಡ್ಡ ವಿದ್ಯೆಯನ್ನು ಹೊರಗೆ ತೆಗೆದರು. ಹಲಗೆಯ ಅಡಿಯಲ್ಲಿ ಬಾಯಿ ಸಣ್ಣ, ಒಳಗೆ ಅಗಲವಾದ ಕುಳಿ ಕೊರೆಯಬೇಕು. ಕಾಲಿನ ತುದಿಯನ್ನು ಸೀಳಿ, ಆ ಸೀಳಿಗೆ ಪುಟ್ಟ ಬೆಣೆ ಕಚ್ಚಿಸಿ, ಕುಳಿಗೆ ಇಟ್ಟು ಕೊಡತಿಯಿಂದ ಹೊಡೆಯಬೇಕು. ಹೊಡೆದ ಹಾಗೆ ಬೆಣೆ ಕುಳಿಯ ತಳಕ್ಕೆ ತಾಗಿ ಸೀಳಿನೊಳಗೆ ನುಗ್ಗುತ್ತದೆ, ಕಾಲಿನ ತುದಿ ಕತ್ತಲಲ್ಲೇ ಅಗಲವಾಗಿ ಕಚ್ಚಿಕೊಳ್ಳುತ್ತದೆ. ಹೊರಗಿನಿಂದ ನೋಡುವವರಿಗೆ ಬೆಣೆ ಉಂಟು ಎಂದೇ ತಿಳಿಯದು. ಒಮ್ಮೆ ಕೂತರೆ ಮುಗಿಯಿತು, ಎಳೆದರೆ ಮರ ಮುರಿದೀತೇ ಹೊರತು ಕಾಲು ಹೊರಗೆ ಬಾರದು. "ಇದಕ್ಕೆ ಹಿಂದೆ ಹೋಗುವ ದಾರಿ ಇಲ್ಲ. ಹೊಡೆಯುವ ಮೊದಲು ಯೋಚನೆ ಮಾಡಿ, ಹೊಡೆದ ಮೇಲೆ ಯೋಚನೆ ಮಾಡ್ಲಿಕ್ಕಿಲ್ಲ" ಎಂದು ಮಾಸ್ಟ್ರು ಪ್ರತಿ ಏಟಿಗೂ ಹೇಳಿದರು. ಒಂದು ಕಾಲನ್ನು ಹೊಡೆದವಳು ನಾನು. ಕೊನೆಯ ಏಟಿಗೆ ಸದ್ದು ಬದಲಾಗುತ್ತದೆ, ಟೊಳ್ಳು ಹೋಗಿ ಗಟ್ಟಿಯಾಗುತ್ತದೆ. ಆ ಸದ್ದು ನನಗೆ ಇವತ್ತಿಗೂ ಕೇಳುತ್ತದೆ.

ಮೇಜನ್ನು ಗುಡ್ಡಕ್ಕೆ ಹೊರುವ ದಿನ ಊರಿಗೆ ಊರೇ ಬಂದಿತ್ತು. ಅಜ್ಜಿ ದೊಡ್ಡ ಬಾಣಲೆಯಲ್ಲಿ ಅವಲಕ್ಕಿ ಕಲಸಿ ಇಟ್ಟಿದ್ದಳು. ಗಂಡಸರು ಹೆಗಲಿಗೆ ಮೈ ಒರಸುವ ಬೈರಾಸು ಹಾಕಿಕೊಂಡು ಒಳಗೆ ಹೋದರು, ಎತ್ತಿದರು, ಬಾಗಿಲಿಗೆ ತಂದರು, ಅಲ್ಲಿಗೆ ನಿಂತರು. ಉದ್ದಕ್ಕೆ ತಿರುಗಿಸಿದರು, ಅಡ್ಡಕ್ಕೆ ಮಲಗಿಸಿದರು, ಕಾಲು ಮೊದಲು ಮಾಡಿದರು. ಹಲಗೆಯಾಗಿ ಒಳಗೆ ಹೋದದ್ದು ಈಗ ಕಾಲು, ಕಾಲುಗಳ ನಡುವೆ ಅಡ್ಡಪಟ್ಟಿ ಎಲ್ಲ ಸೇರಿ ಮೇಜಾಗಿತ್ತು. ಯಾವ ಕಡೆಯಿಂದಲೂ ಬಾಗಿಲು ಸಾಲದು. ಕೂದಲೆಳೆಯಷ್ಟು ವ್ಯತ್ಯಾಸಕ್ಕೂ ನಮ್ಮ ಕಿವಿ ಹಿಂಡುತ್ತಿದ್ದ ಮಾಸ್ಟ್ರು ಬಾಗಿಲನ್ನು ಅಳೆದಿರಲಿಲ್ಲ. ನಾವೂ ಅಳೆದಿರಲಿಲ್ಲ, ದಿನಾ ಅದೇ ಬಾಗಿಲಲ್ಲಿ ತಲೆ ತಗ್ಗಿಸಿ ಹೋಗುತ್ತಿದ್ದರೂ. ಜನ ಅವಲಕ್ಕಿ ಬಾಯಲ್ಲಿಟ್ಟುಕೊಂಡೇ ಹೊಟ್ಟೆ ಹಿಡಿದು ನಕ್ಕರು. ಅವತ್ತಿನಿಂದ ಅವರಿಗೆ ಬಾಗಿಲು ಮಾಸ್ಟ್ರು ಎಂದೇ ಹೆಸರಾಯಿತು. ಬಸ್ಸಿನಲ್ಲಿ ಕಂಡವರು, "ಮಾಸ್ಟ್ರೇ, ಬಸ್ಸಿನ ಬಾಗಿಲು ಸಾಕಾದೀತಾ?" ಎನ್ನುವರು. ಮಾಸ್ಟ್ರು ಸೋಲಲಿಲ್ಲ. "ನಾನು ಬೇಕೆಂದೇ ಮಾಡಿದ್ದು. ಒಳ್ಳೆಯ ಮೇಜು ಮರದ ಹಾಗೆ ಒಂದೇ ಕಡೆ ಬೇರು ಬಿಡಬೇಕು. ನಿಮಗೆ ಅರ್ಥ ಆಗ್ಲಿಕ್ಕಿಲ್ಲ" ಎಂದು ಎಲ್ಲರ ಮುಖಕ್ಕೂ ಹೇಳಿದರು. ತಿಂಗಳುಗಟ್ಟಲೆ ಹೇಳಿದರು. ಕೊನೆಗೆ ಸಿದ್ಧಕಟ್ಟೆಯಲ್ಲಿ ಕೆಲವರು ಅದನ್ನು ನಂಬಲೂ ತೊಡಗಿದರು. ಗುಡ್ಡದ ಮೇಲಿನ ಹೊಸ ಕೋಣೆಗೆ ಹೊಲಿಗೆ ಮಿಶಿನುಗಳು ಹೋದವು, ಮರಗೆಲಸ ಕಣಜದಲ್ಲೇ ಉಳಿಯಿತು.

ಅಷ್ಟರಲ್ಲಿ ನಮ್ಮ ಜಿಲ್ಲೆ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತ್ತು. ವಿದ್ಯಾ ಇಲಾಖೆಯ ಕಚೇರಿಗೆ ಘಟ್ಟದ ಮೇಲಿನ ಸಾಹೇಬರು ಬಂದರು. ಹಳ್ಳಿಯ ಕಣಜದಲ್ಲಿ ಸರಕಾರದ ತರಗತಿ ನಡೆಯುವುದು ಅವರಿಗೆ ಸರಿ ಕಾಣಲಿಲ್ಲ. ಮೇಜು, ಉಳಿ, ಗರಗಸ ಎಲ್ಲ ಸಮೇತ ಮರಗೆಲಸವನ್ನು ಮೂಡಬಿದಿರೆಯ ದೊಡ್ಡ ಶಾಲೆಯೊಂದಕ್ಕೆ ಸೇರಿಸುವುದೆಂದು ಅಪ್ಪಣೆಯಾಯಿತು. ನಮ್ಮ ಊರಿಗೆ ಅದೊಂದು ತರಗತಿ ಹೋದ ಸುದ್ದಿ. ನನಗೆ ಹಾಗಲ್ಲ. ನಾನು ಮರಗೆಲಸದಲ್ಲಿ ಇದ್ದದ್ದು ಅದು ನನ್ನ ಅಜ್ಜಿಯ ಕಣಜ ಎಂಬ ಒಂದೇ ಬಲದಿಂದ. ಆ ಗೋಡೆಯ ಹೊರಗೆ ನಾನು ಬರಿಯ ಹುಡುಗಿ. ಮೂಡಬಿದಿರೆಯಲ್ಲಿ ನನ್ನನ್ನು ಆ ಕೋಣೆಯ ಹೊಸಿಲಿಗೂ ಬಿಡುವವರಿರಲಿಲ್ಲ. ಅಜ್ಜಿಗೆ ಅಲ್ಲಿ ಮಾತೂ ನಡೆಯುವುದಿಲ್ಲ. ಓದು ಮುಗಿಯಲು ಇನ್ನೂ ಎರಡು ವರ್ಷ ಬಾಕಿಯಿತ್ತು. ಚಿಕ್ಕಮ್ಮ ಆಗಲೇ ಗಂಡು ನೋಡುವ ಮಾತು ಎತ್ತಿದ್ದಳು. ಆ ವಾರ ನಾನು ಮೇಜಿನ ಕೆಳಗೆ ಕೂತು ನಾನು ಹೊಡೆದ ಕಾಲನ್ನು ಹಿಡಿದುಕೊಂಡು ಅತ್ತೆ.

ಲಾರಿ ಬಂದದ್ದು ಒಂದು ಶನಿವಾರ. ಸಾಹೇಬರು ನಾಲ್ಕು ಆಳುಗಳ ಜೊತೆ ತಲೆ ತಗ್ಗಿಸಿ ಕಣಜದ ಒಳಗೆ ಬಂದರು. ಅವರೇನೂ ಕೆಟ್ಟ ಮನುಷ್ಯರಲ್ಲ, ನಮ್ಮನ್ನೆಲ್ಲ ಹೆಸರು ಕೇಳಿ ಮಾತಾಡಿಸಿದರು. ಆಳುಗಳು ಮೇಜನ್ನು ಎತ್ತಿದರು, ಬಾಗಿಲಿಗೆ ತಂದರು, ನಿಂತರು. ಊರು ಹಿಂದೆ ಕಂಡದ್ದನ್ನೇ ಸಾಹೇಬರು ಅವತ್ತು ಕಂಡರು. ಕಾಲು ಬಿಚ್ಚಿ ಎಂದರು. ಮಾಸ್ಟ್ರು, ಅದು ಬಿಚ್ಚುವ ಕೂಡು ಅಲ್ಲ ಎಂದರು. ಆಳೊಬ್ಬ ಕಾಲನ್ನು ಅಲ್ಲಾಡಿಸಿ ನೋಡಿ ಕೈಬಿಟ್ಟ. ಹಾಗಾದರೆ ದಾರಂದ ಕೀಳಿ, ಗೋಡೆ ಸ್ವಲ್ಪ ಒಡೆಯಿರಿ, ಆಮೇಲೆ ಸರಿಮಾಡಿಸಿ ಕೊಡೋಣ ಎಂದರು ಸಾಹೇಬರು.

ಹೊಸಿಲ ಮೇಲೆ ಕೂತರೆ ಮನೆಗೆ ದರಿದ್ರ ಎಂದು ಜೀವಮಾನವಿಡೀ ನಮ್ಮನ್ನು ಗದರಿಸಿದ ಅಜ್ಜಿ ಆಗ ಅಂಗಳ ದಾಟಿ ಬಂದು ಕಣಜದ ಹೊಸಿಲ ಮೇಲೆ ಕೂತಳು. ಒಂದು ಮೊಣಕೈ ಈ ದಾರಂದಕ್ಕೆ, ಇನ್ನೊಂದು ಆ ದಾರಂದಕ್ಕೆ. ಬಾಗಿಲು ಅಷ್ಟೇ ಅಗಲ. "ಬಾಕಿಲ್ ಎನ್ನ" ಎಂದಳು, ಬಾಗಿಲು ನನ್ನದು ಎಂದು. ಸಾಹೇಬರಿಗೆ ಆ ತುಳು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ಒಬ್ಬ ಮುದುಕಿಯನ್ನು ದಾಟಿ ಹೊರಗೆ ಹೋಗುವುದೂ ಅವರಿಂದಾಗದು. ಸರಕಾರ ನಮ್ಮ ಕಣಜದಲ್ಲಿ ಸಿಕ್ಕಿಬಿದ್ದಿತ್ತು. ಹೊರಗೆ ಶನಿವಾರದ ಜನ ಬರತೊಡಗಿದ್ದರು. ಗಲಾಟೆಗೆ ಬಂದವರಲ್ಲ, ತಮ್ಮ ತಮ್ಮ ಸಾಮಾನು ಕೇಳಲು ಬಂದವರು. ನನ್ನ ನೇಗಿಲು ಒಳಗುಂಟು ಎಂದ ಒಬ್ಬ. ನನ್ನ ಹೆರೆಮಣೆ, ಎಂದಳು ಇಗರ್ಜಿಯ ಹತ್ತಿರದ ಮನೆಯ ಹೆಂಗಸು. ಅಬ್ಬುವಿನ ಬಾಪ ಮಸೀದಿಯ ಮಂಚಕ್ಕೆ ಬಂದಿದ್ದರು. ಎಲ್ಲರೂ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತರು. ಹೋಗುವ ಅವಸರ ಯಾರಿಗೂ ಇದ್ದಂತೆ ಕಾಣಲಿಲ್ಲ.

ಸಾಹೇಬರ ಮುಖ ಬೆವರಿತ್ತು. "ಇದನ್ನ ಮಧ್ಯಕ್ಕೆ ಕೊಯ್ದು ಎರಡು ಮಾಡಿ. ಅಲ್ಲಿ ಹೋಗಿ ಜೋಡಿಸಿಕೊಂಡರಾಯ್ತು" ಎಂದರು. ಆಳು ಗೋಡೆಯಿಂದ ನಮ್ಮದೇ ಗರಗಸ ಇಳಿಸಿದ. ಯೋಚನೆ ಮಾಡಿ ಮಾಡಿದ್ದಲ್ಲ, ನಾನು ಮೇಜು ಹತ್ತಿ ನಡುಮಧ್ಯದಲ್ಲಿ ಕೂತುಬಿಟ್ಟೆ. ಮರುಕ್ಷಣ ಅಬ್ಬು ಹತ್ತಿದ, ಆಮೇಲೆ ಉಳಿದವರೆಲ್ಲ. ತರಗತಿಗೆ ತರಗತಿಯೇ ಮೇಜಿನ ಮೇಲೆ. ಮೇಜು ಒಂದು ಕಿರ್ರ್ ಎನ್ನಲಿಲ್ಲ. "ಇಳೀರಿ" ಎಂದರು ಸಾಹೇಬರು. "ಇಳಿಯುವುದಿಲ್ಲ" ಎಂದೆ. ನನ್ನ ಸ್ವರ ನನಗೇ ಹೊಸತಾಗಿ ಕೇಳಿತು.

ಸಾಹೇಬರು ಆಗ ಮಾಸ್ಟ್ರ ಕಡೆ ತಿರುಗಿದರು. "ಏನ್ರೀ, ಬೇಕೂಂತಲೇ ಹೀಗೆ ಮಾಡಿದೀರಂತೆ? ಬರುವಾಗ ಬಸ್ ಸ್ಟ್ಯಾಂಡಲ್ಲೇ ಹೇಳಿದ್ರು, ನಾನೇ ನಂಬಲಿಲ್ಲ. ಆಚೆ ಹೋಗಬಾರದು ಅಂತ ಸರಕಾರದ ಸಾಮಾನನ್ನ ಒಳಗೇ ಕಟ್ಟಿ ಹಾಕಿದ್ದರೆ, ನಾನು ನಿಮ್ಮ ಕೆಲಸಾನೂ ತೆಗೀಬೇಕಾಗುತ್ತೆ, ಈ ಕ್ಲಾಸನ್ನೂ ಇವತ್ತೇ ಮುಚ್ಚಬೇಕಾಗುತ್ತೆ. ನಿಜ ಹೇಳಿ. ಬೇಕೂಂತ ಮಾಡಿದ್ದಾ, ತಪ್ಪಾಗಿ ಆಗಿದ್ದಾ?"

ಅಂಗಳದಲ್ಲಿ ಕೂತವರು ಎದ್ದು ಬಂದರು. ಅಜ್ಜಿಯ ತಲೆಯ ಮೇಲಿನಿಂದ ಬಾಗಿಲ ತುಂಬ ಮುಖಗಳು. ತಿಂಗಳುಗಟ್ಟಲೆ ಅದೇ ಮುಖಗಳಿಗೆ ಮಾಸ್ಟ್ರು, ಬೇಕೆಂದೇ ಮಾಡಿದ್ದು ಎಂದು ಹೇಳಿದ್ದರು. ಅವರು ಕಿವಿಯ ಮೇಲಿನ ಪೆನ್ಸಿಲು ತೆಗೆದರು, ಮತ್ತೆ ಇಟ್ಟರು. ನಮ್ಮನ್ನು, ಅಂದರೆ ಮೇಜಿನ ಮೇಲೆ ಕೂತ ಒಂದು ತರಗತಿ ಮಕ್ಕಳನ್ನು ನೋಡಿದರು. "ತಪ್ಪಾದದ್ದು ಸ್ವಾಮಿ" ಎಂದರು. "ಬಾಗಿಲು ಅಳೆಯಲಿಕ್ಕೆ ಮರೆತುಹೋಯಿತು. ನನ್ನಷ್ಟು ದೊಡ್ಡ ಪೆದ್ದ ಈ ತಾಲೂಕಿನಲ್ಲಿ ಇರ್ಲಿಕ್ಕಿಲ್ಲ. ಈ ಊರಿಗೆಲ್ಲ ಗೊತ್ತುಂಟು, ಕೇಳಿ ಬೇಕಾದರೆ." ಗಟ್ಟಿಯಾಗಿಯೇ ಹೇಳಿದರು, ಅಂಗಳದ ಕೊನೆಯವನಿಗೂ ಕೇಳುವ ಹಾಗೆ. ನಗುವುದಕ್ಕೆ ಅದಕ್ಕಿಂತ ಒಳ್ಳೆಯ ಸಂದರ್ಭ ಆ ಊರಿಗೆ ಸಿಕ್ಕಿರಲಿಲ್ಲ. ಒಬ್ಬರೂ ನಗಲಿಲ್ಲ. ಅಬ್ಬುವಿನ ಬಾಪ ಮಾತ್ರ ಹೊರಗಿನಿಂದ, "ಹೌದು ಸಾಹೇಬ್ರೇ, ಮರೆತದ್ದೇ. ಹಲಗೆ ಒಳಗೆ ಹಾಕಿದ್ದು ನಾವು, ನಮಗೂ ತಲೆಗೆ ಹೋಗಲಿಲ್ಲ" ಎಂದರು. ಒಬ್ಬೊಬ್ಬರಾಗಿ ನಮಗೂ ಹೋಗಲಿಲ್ಲ, ನಮಗೂ ಹೋಗಲಿಲ್ಲ ಎಂದರು. ಒಂದು ಊರು ಪೂರ್ತಿ ತಾನು ಪೆದ್ದು ಎಂದು ಒಪ್ಪಿಕೊಂಡದ್ದನ್ನು ನಾನು ಕಿವಿಯಾರೆ ಕೇಳಿದ್ದೇನೆ.

ಸಾಹೇಬರು ಮೇಜಿನ ಅಂಚನ್ನು ಬೆರಳಲ್ಲಿ ಸವರಿದರು. "ಮೇಜಿಲ್ಲದೆ ಬರೀ ಉಳಿ ತಗೊಂಡು ಹೋಗಿ ನಾನೇನು ಮಾಡಲಿ" ಎಂದರು ತಮಗೇ ಹೇಳಿಕೊಳ್ಳುವ ಹಾಗೆ. ಆಮೇಲೆ, "ಸರಿ. ಇದು ಆಚೆ ಬರೋವರೆಗೂ ಕ್ಲಾಸು ಇಲ್ಲೇ ನಡೀಲಿ. ಬಂದಾಗ ನೋಡೋಣ" ಎಂದರು. ಅಜ್ಜಿ ಹೊಸಿಲಿನಿಂದ ಎದ್ದಳು. ದರಿದ್ರ ತಟ್ಟಬಾರದೆಂದು ಹೊಸಿಲಿಗೆ ನೀರು ಚಿಮುಕಿಸಿ, ಸಾಹೇಬರಿಗೆ ಒಂದು ಚೊಂಬು ಮಜ್ಜಿಗೆ ಕೊಟ್ಟಳು. ಹುಣಿಯಾಚೆ ದಾರಿಯಲ್ಲಿ ನಿಂತಿದ್ದ ಖಾಲಿ ಲಾರಿಯ ಸದ್ದು ದೂರವಾಗುವವರೆಗೂ ನಾವು ಮೇಜಿನಿಂದ ಇಳಿಯಲಿಲ್ಲ. ಮಾಸ್ಟ್ರು ಆ ದಿನ ಪಾಠ ಮಾಡದೆ ಬೇಗ ಹೊರಟುಹೋದರು. ಸೋಮವಾರ ಬಂದಾಗ ಯಾರೂ ಅವರನ್ನು ಬಾಗಿಲು ಮಾಸ್ಟ್ರು ಎನ್ನಲಿಲ್ಲ. ಆಮೇಲೆ ಎಂದೂ ಎನ್ನಲಿಲ್ಲ.

ನಾನು ಅದೇ ಮೇಜಿನಲ್ಲಿ ಕಲಿತು ಮುಗಿಸಿದೆ. ಕ್ರಾಫ್ಟ್ ಟೀಚರಾಗಿ ಬೆಳ್ತಂಗಡಿಯ ಕಡೆಯ ಶಾಲೆಗಳಲ್ಲಿ ಜೀವಮಾನ ಕಳೆದೆ. ಮೊದಲ ದಿನವೇ ಹುಡುಗಿಯರ ಕೈಗೆ ಉಳಿ ಕೊಡುತ್ತಿದ್ದೆ, ದೂರು ಬಂದರೆ ಬರಲಿ ಎಂದು. ಬಹಳ ಸಲ ಬಂತು. ಕಣಜದ ತರಗತಿಯನ್ನು ಮುಂದೆ ಯಾವ ಸಾಹೇಬರೂ ಮುಚ್ಚಲಿಲ್ಲ, ಅದು ತಾನಾಗಿ ತೆಳ್ಳಗಾಯಿತು. ಪಾಸ್ಕಲ್ ಮಾಸ್ಟ್ರು ನಿವೃತ್ತರಾದ ಮೇಲೆ ಅವರ ಜಾಗಕ್ಕೆ ಯಾರೂ ಬರಲಿಲ್ಲ. ಕಬ್ಬಿಣದ ಮಂಚ, ಪ್ಲಾಸ್ಟಿಕ್ಕಿನ ಕುರ್ಚಿ ಬಂದ ಮೇಲೆ ಶನಿವಾರ ಮುರಿದದ್ದನ್ನು ತರುವವರೂ ಇಲ್ಲವಾದರು. ಮುರಿದದ್ದನ್ನು ಎಸೆಯುವ ಕಾಲ ಬಂದಿತ್ತು. ಭೂಮಸೂದೆ ಬಂತು, ಉಳಿದ ಗದ್ದೆಗಳೂ ಹೋದವು. ಅದಕ್ಕೆ ನಾನು ಅಳುವವಳಲ್ಲ, ಉತ್ತವರಿಗೆ ಹೋದದ್ದು ಸರಿಯೇ. ಅಜ್ಜಿ ಒಂದು ಮಳೆಗಾಲದಲ್ಲಿ ಹೋದಳು, ಮಾಸ್ಟ್ರು ಇನ್ನೊಂದರಲ್ಲಿ. ಮನೆ ಕೈಯಿಂದ ಕೈಗೆ ದಾಟಿ, ಹಂಚಿನ ಮಾಡು ಕುಸಿದು, ಕೊನೆಗೆ ಅಡಿಪಾಯದ ಕಲ್ಲೂ ಬೇರೆಯವರ ಬಾವಿಯ ಕಟ್ಟೆಗೆ ಹೋಯಿತು. ಕಣಜ ಮಾತ್ರ ಮೇಜನ್ನು ತಬ್ಬಿಕೊಂಡು ಬಹಳ ಕಾಲ ನಿಂತಿತ್ತು. ಹಿಂದಿನ ವರ್ಷ ಗೋಡೆ ಬಾಯಿ ಬಿಟ್ಟಿದೆ, ಅದನ್ನು ಕೆಡವುತ್ತಿದ್ದಾರೆ ಎಂದು ಕೇಳಿ ನೋಡಲು ಹೋಗಿದ್ದೆ. ಜಾಗವನ್ನು ಯಾರೋ ಕೊಂಡಿದ್ದಾರೆ ಎಂದಷ್ಟೇ ಗೊತ್ತಿತ್ತು. ಕಲ್ಲು, ದಾರಂದ ಎಲ್ಲ ಒಯ್ದಾಗಿತ್ತು. ಮೇಜು ಬಟಾಬಯಲಿನಲ್ಲಿ, ಬಿಸಿಲಿನಲ್ಲಿ ನಿಂತಿತ್ತು. ನಾಲ್ಕೂ ಕಡೆ ದಾರಿ. ನಾವು ಅಷ್ಟು ಜಗಳಾಡಿ ಉಳಿಸಿಕೊಂಡದ್ದನ್ನು ಈಗ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಿತ್ತು. ಅಲ್ಲಿ ನಿಲ್ಲಲು ಆಗದೆ ಬಂದಿದ್ದೆ.

ಕೊಂಡವನು ಅಬ್ಬುವಿನ ಮಗನೆಂದು ತಿಳಿದದ್ದು ಈ ಹೇಳಿಕೆಯ ಕಾಗದದಿಂದ. ಗಲ್ಫಿನಲ್ಲಿ ದುಡಿದು ಬಂದ ಹುಡುಗ. ಒಕ್ಕಲಿನ ದಿನ ಹೋದೆ. ಹೊಸ ಬಣ್ಣದ ವಾಸನೆ, ಬಿರಿಯಾನಿಯ ವಾಸನೆ, ಕಾಲಿಗೆ ತಣ್ಣಗಿನ ನುಣುಪು ನೆಲ. ಬಾಗಿಲಿಗೆ ಹೊಸಿಲು ಇರಲಿಲ್ಲ, ಈಗ ಯಾರೂ ಇಡುವುದಿಲ್ಲವಂತೆ. ಒಳಗೆ ಕಾಲಿಟ್ಟರೆ ಚಾವಡಿಯ ನಡುವೆ ನಮ್ಮ ಮೇಜು, ಇದ್ದ ಜಾಗದಲ್ಲೇ. ಅದು ಕದಲದ ಹಾಗೆ ಸುತ್ತಲೂ ಮನೆ ಕಟ್ಟಿದ್ದರು. ಮೇಲ್ಮೈಯ ಅರ್ಧವನ್ನು ಅಬ್ಬು ತಾನೇ ಕೀಸಿ ಹೊಸದು ಮಾಡಿದ್ದ. ಇನ್ನರ್ಧ ಕಪ್ಪಾಗಿ ಹಾಗೆಯೇ ಇತ್ತು.

"ಆ ಅರ್ಧ ನಿಮ್ಮದು ವಾರಿಜಕ್ಕ, ಅದಕ್ಕೇ ಬಿಟ್ಟದ್ದು" ಎಂದು ಕೀಸುಳಿಯನ್ನು ನನ್ನ ಕೈಗೆ ಕೊಟ್ಟ. ಎಷ್ಟೋ ವರ್ಷಗಳ ಮೇಲೆ ಹಿಡಿದದ್ದು. ಭಾರವಾಗಿತ್ತು. ಒಂದು ಸಲ ದೂಡಿದೆ, ತಡವರಿಸಿತು. ಇನ್ನೊಮ್ಮೆ ದೂಡಿದೆ, ಹಳದಿ ಸುರುಳಿ ಎದ್ದು ಕೈಮೇಲೆ ಬಿತ್ತು. ಉಸಿರು ಕಟ್ಟುವವರೆಗೆ ದೂಡಿದೆ. ಅಬ್ಬು ಬಾಗಿಲಿನ ಕಡೆ ಕೋಲು ತೋರಿಸಿದ. "ಮಗ ದೊಡ್ಡ ಬಾಗಿಲು ಇಡುವ ಅಂತ ಹಟ ಮಾಡಿದ. ನಾನು ಬಿಡ್ಲಿಲ್ಲ. ಈ ಸಲ ಅಳತೆ ಮಾಡಿಯೇ ಇಡಿಸಿದ್ದು. ಮೇಜಿಗೆ ಸಾಲ್ಲಿಕ್ಕೆ ಒಂದು ಗೇಣು ಕಡಿಮೆ ಉಂಟು."

ನಗು ಬಂತು. ನಗುತ್ತಲೇ, ಇದನ್ನು ಮಾಸ್ಟ್ರಿಗೆ ಹೇಳಬೇಕು ಎಂದುಕೊಂಡು ಹಿಂದೆ ತಿರುಗಿದೆ. ಅಲ್ಲಿ ಹೊಸ ಗೋಡೆ ಇತ್ತು. ಆಮೇಲೆ ಊಟಕ್ಕೆ ಕರೆದರು, ಕೈ ತೊಳೆಯಲು ಅಬ್ಬುವಿನ ಸೊಸೆ ಸಾಬೂನು ಕೊಟ್ಟಳು. ತೊಳೆದೆ. ಹಳದಿ ಹೋಗಲಿಲ್ಲ. ಬೆಳ್ತಂಗಡಿಗೆ ಹಿಂದೆ ಬರುವ ಬಸ್ಸಿನಲ್ಲಿ ಪಕ್ಕದ ಹೆಂಗಸು ನನ್ನ ಅಂಗೈಯನ್ನೇ ನೋಡುತ್ತಿದ್ದಳು. ನಾನು ಕೈಯನ್ನು ಸೆರಗಿನೊಳಗೆ ಇಟ್ಟುಕೊಳ್ಳಲಿಲ್ಲ. ಎದುರಿನ ಕಂಬಿಯ ಮೇಲೆ, ಎಲ್ಲರಿಗೂ ಕಾಣುವ ಹಾಗೆ ಇಟ್ಟುಕೊಂಡೇ ಮನೆಗೆ ಬಂದೆ.